ಚಪ್ಪಡಿ ತೆಗೆದವರು ನೀವು, ಬೀಗ ಬಿದ್ದದ್ದು ನಮಗೆ

ಮಾನ್ಯರೇ,

ನಮ್ಮೂರಿನ ಹಳೆಯ ವಾಚನಾಲಯದ ಹಿಂದಿನ ಕೋಣೆಗೆ ತಾವು ಹಾಕಿಸಿರುವ ಬೀಗವನ್ನು ತೆಗೆಸಿ. ಅದರ ಮುಂದಿನ ಚರಂಡಿಯಿಂದ ತಾವು ತೆಗೆಸಿರುವ ಚಪ್ಪಡಿಗಳನ್ನು ಹಾಕಿಸಿ. ಹಾಕಬೇಕಾದದ್ದನ್ನು ತೆಗೆದು, ತೆಗೆಯಬೇಕಾದದ್ದನ್ನು ಹಾಕಿದ್ದೀರಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಇದು ಯಾವ ಊರೆಂದು ನಾನು ಬರೆಯುವುದಿಲ್ಲ. ನಾಲ್ಕೂ ಕಡೆಯ ಮುನಿಸಿಪಾಲಿಟಿ ಅಧಿಕಾರಿಗಳು ಇದು ತಮಗೇ ಬಂದ ಪತ್ರವೆಂದು ಎದ್ದು ಕುಳಿತರೆ ನನಗೇನೂ ಬೇಸರವಿಲ್ಲ.

ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ನಿವೃತ್ತಿಯಾದ ಮೇಲೆ ಗ್ಲಾಕೋಮಾ ಬಂತು. ಮೊದಲು ಅಂಚಿನ ನೋಟ ಹೋಯಿತು, ಆಮೇಲೆ ನಡುವಿನದೂ ಹೋಯಿತು. ಈಗ ಹಗಲೋ ರಾತ್ರಿಯೋ ಎಂಬಷ್ಟು ತಿಳಿಯುತ್ತದೆ. ಈ ಪತ್ರವನ್ನು ನಾನೇ ಟೈಪು ಮಾಡುತ್ತಿದ್ದೇನೆ. ಕೀಲಿ ನೋಡದೆ ಹೊಡೆಯುವುದಕ್ಕೇ ಅಲ್ಲವೇ ಸರ್ಕಾರ ನನಗೆ ಸಂಬಳ ಕೊಟ್ಟದ್ದು? ತಪ್ಪಿದ್ದರೆ ಮಗಳು ನಯನಾ ತಿದ್ದುತ್ತಾಳೆ. ಒಂದೇ ವಿನಂತಿ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಉತ್ತರಿಸಬೇಡಿ. ಆ ವಾಕ್ಯವನ್ನು ಟೈಪು ಮಾಡಿ ಮಾಡಿಯೇ ನನ್ನ ಬೆರಳುಗಳು ಸವೆದಿವೆ.

ಆ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ತಾವು ಒಮ್ಮೆಯೂ ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಕಣ್ಣು ಮಂಜಾದವರು, ಪೂರ್ತಿ ಹೋದವರು, ಹೋಗುತ್ತಿದೆಯೆಂದು ಮನೆಯವರಿಗೆ ಇನ್ನೂ ಹೇಳದವರು, ಹೀಗೆ ವಯಸ್ಸಾದ ಹತ್ತಾರು ಜನ ಮಂಗಳವಾರ ಮಂಗಳವಾರ ಸೇರುತ್ತಿದ್ದೆವು. ಸೈಕಲ್ ಅಂಗಡಿ ಇಟ್ಟಿದ್ದ ಸಮದ್ ಸಾಹೇಬರಿಗೆ ಒಂದು ಕಣ್ಣು ಇನ್ನೂ ಒಸಿ ಚೆನ್ನಾಗಿದೆ. ಅವರು ಪೇಪರು ಓದುತ್ತಿದ್ದರು. ಗೋಡೆ ಹಿಡಿದು ಸುತ್ತು ನಡೆಯುತ್ತಿದ್ದೆವು, ಕೈಕಾಲು ಆಡಿಸುತ್ತಿದ್ದೆವು. ಹುಣಸೆ ಬೀಜ ಹಾಕಿಕೊಂಡು ಅಳಗುಳಿ ಮಣೆ ಆಡುತ್ತಿದ್ದೆವು. ಅದನ್ನು ಬೆರಳೇ ಆಡುತ್ತದೆ, ಕಣ್ಣು ಬೇಕಿಲ್ಲ. ಮೋಸವನ್ನೂ ಬೆರಳೇ ಮಾಡುತ್ತದೆ. ಅದರಲ್ಲಿ ಅಂಕಮ್ಮನನ್ನು ಮೀರಿಸುವವರಿಲ್ಲ.

ಅಂಕಮ್ಮ ರೇಷ್ಮೆಹುಳು ಸಾಕಿ ಸಂಸಾರ ಎತ್ತಿದ ಹೆಂಗಸು. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಯಿತು. ಮೂರು ವರ್ಷ ಆಸ್ಪತ್ರೆಗಲ್ಲದೆ ಮನೆಯ ಹೊಸ್ತಿಲು ದಾಟದಿದ್ದ ನನ್ನನ್ನು ಮೊದಲ ಸಲ ಆ ಕೋಣೆಗೆ ಕೈಹಿಡಿದು ಕರೆದೊಯ್ದವಳು ಅವಳೇ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ ಪರಿಚಯ.

ಚಪ್ಪಡಿ ತೆಗೆದ ಆ ಮಂಗಳವಾರ ನಾವಿಬ್ಬರೂ ಕೋಣೆಯಿಂದ ಆಟೋ ನಿಲ್ದಾಣಕ್ಕೆ ಹೊರಟಿದ್ದೆವು. ದಾರಿ ಕಾಲಿಗೇ ಗೊತ್ತಿದ್ದ ಅವಳು ಮುಂದೆ, ನಾನು ಅವಳ ಭುಜದ ಮೇಲೆ ಕೈಯಿಟ್ಟು ಹಿಂದೆ. ಸೊಸೆ ಮಾಡಿದ ಉಪ್ಸಾರಿನ ವಿಷಯ ಹೇಳುತ್ತಿದ್ದಳು. ಮಾತಿನ ನಡುವೆ ನನ್ನ ಕೈಕೆಳಗಿನ ಭುಜ ಇಲ್ಲವಾಯಿತು. ಕೂಗಿಲ್ಲ, ಏನಿಲ್ಲ. ಭಾರವಾದದ್ದೇನೋ ನೀರಿಗೆ ಬಿದ್ದ ಸದ್ದು, ಆಮೇಲೆ ಆ ವಾಸನೆ. ಬೆಳಿಗ್ಗೆ ನಾವು ಬಂದಾಗ ಅಲ್ಲಿದ್ದ ಚಪ್ಪಡಿಗಳನ್ನು ಪೈಪಿನ ಕೆಲಸಕ್ಕೆಂದು ತಮ್ಮವರು ಎತ್ತಿಟ್ಟು ಊಟಕ್ಕೆ ಹೋಗಿದ್ದರಂತೆ. ಅಡ್ಡ ಒಂದು ಹಗ್ಗವಿಲ್ಲ, ಒಂದು ಕಲ್ಲಿಲ್ಲ. ನನ್ನ ಪಾದದ ಮುಂಭಾಗ ಆಗಲೇ ಗಾಳಿಯಲ್ಲಿತ್ತು. ಹಿಂದೆ ಸರಿಯಲು ಹೆದರಿಕೆ; ಹಿಂದೆ ಏನಿದೆಯೋ ಯಾರಿಗೆ ಗೊತ್ತು? ಆಗ ಕೆಳಗಿನಿಂದ ಅವಳ ದನಿ ಬಂತು.

“ಲತವ್ವಾ, ಅಲ್ಲೇ ನಿಂತ್ಕೊ. ಮುಂದಕ್ಕೆ ಬರ್ಬ್ಯಾಡ ಕಣವ್ವ.”

ಸೊಂಟದ ಮೂಳೆ ಮುರಿದು ಕೊಚ್ಚೆಯಲ್ಲಿ ಬಿದ್ದವಳು ನನ್ನನ್ನು ಕಾಯುತ್ತಿದ್ದಳು. ಚರಂಡಿ ಕಾಯಬೇಕಾದ ತಮ್ಮ ಇಲಾಖೆ ಎಲ್ಲಿತ್ತು? ಹೂವಿನವಳೂ ಆಟೋದವರೂ ಇಳಿದು ಅವಳನ್ನು ಎತ್ತುವವರೆಗೆ ನಾನು ಅಲುಗಾಡದೆ ನಿಂತಿದ್ದೆ. ಇವತ್ತಿಗೂ ನಿದ್ದೆಯಲ್ಲಿ ಹಾಗೇ ನಿಂತಿರುತ್ತೇನೆ.

ಅವಳ ಆಪರೇಷನ್ ಆದ ವಾರ ನಾನು, ಸಮದ್ ಸಾಹೇಬರು, ನಯನಾ ತಮ್ಮ ಕಚೇರಿಗೆ ಬಂದೆವು. ತಾವು ಕುರ್ಚಿ ಹಾಕಿಸಿದಿರಿ, ಕಾಫಿ ತರಿಸಿದಿರಿ, ಮೃದುವಾಗಿ ಮಾತಾಡಿದಿರಿ. ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. “ಅಮ್ಮಾ, ಕಣ್ಣು ಕಾಣದೆ ಇರೋವಾಗ, ಈ ವಯಸ್ಸಲ್ಲಿ ಯಾಕೆ ಹೊರಗೆ ಬರ್ತೀರಾ? ಮನೇಲಿ ಆರಾಮಾಗಿರಿ” ಎಂದಿರಿ. ಮುಂದಿನ ಮಂಗಳವಾರ ಕೋಣೆಗೆ ಬೀಗ ಬಿದ್ದಿತ್ತು. ಬಾಗಿಲಿಗಂಟಿಸಿದ ನೋಟೀಸನ್ನು ಸಮದ್ ಸಾಹೇಬರು ಓದಿದರು: ‘ಹಿರಿಯ ನಾಗರಿಕರ ಸುರಕ್ಷತೆಯ ದೃಷ್ಟಿಯಿಂದ’. ತಮಗಾದರೂ ದೃಷ್ಟಿಯಿದೆಯಲ್ಲ, ಸಂತೋಷ. ಅದು ಚರಂಡಿಯ ಮೇಲೇಕೆ ಬೀಳಲಿಲ್ಲ?

ಈಗ ಹೇಳಲು ಕಷ್ಟವಾದ ಮಾತು. ಬೀಗ ಬಿದ್ದ ದಿನ ನನಗೆ ಸಮಾಧಾನವಾಯಿತು. ಇನ್ನು ಹೊರಗೆ ಹೋಗಬೇಕಿಲ್ಲವಲ್ಲ ಎಂದು ಹಗುರಾದೆ. ಮೊದಲು ಬೀದಿಗೆ ಇಳಿಯುವುದು ನಿಂತಿತು, ಆಮೇಲೆ ಹಿತ್ತಲಿಗೆ. ಆಮೇಲೆ ಬಾಗಿಲು ಬಡಿದರೆ ತೆಗೆಯುವುದೂ ನಿಂತಿತು. ಶಾಲೆಯ ಕೆಲಸಕ್ಕೆ ಹೋಗುವ ನಯನಾ ಕೈಗೆಟುಕುವಂತೆ ಎಲ್ಲ ಇಟ್ಟು ಹೋಗುತ್ತಿದ್ದಳು. ಅವಳಿಗೂ ಭಯ, ಪಾಪ. ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಎದ್ದೆ. ಹಜಾರದ ನಡುವೆ ನಿಂತಾಗ ಅಡುಗೆಮನೆ ಯಾವ ಕಡೆಗಿದೆಯೆಂದು ತಿಳಿಯಲಿಲ್ಲ. ನನ್ನದೇ ಮನೆ, ನಾನೇ ಸಾಲ ತೀರಿಸಿ ಕಟ್ಟಿಸಿದ್ದು. ಕೈ ಚಾಚಿದರೆ ಗೋಡೆ ಸಿಗುತ್ತಿತ್ತೇನೋ. ಚಾಚಲಾಗಲಿಲ್ಲ. ಒಂದು ಹೆಜ್ಜೆ ಮುಂದೆ ನೆಲವಿಲ್ಲ ಎಂದೇ ಅನ್ನಿಸುತ್ತಿತ್ತು. ಮೆಲ್ಲಗೆ ಕುಸಿದು ಕೂತೆ. ನಯನಾ ಸಂಜೆ ಬಂದು ದೀಪ ಹಾಕಿದಾಗ ಅಲ್ಲೇ ಕೂತಿದ್ದೆ, ಸೀರೆ ಒದ್ದೆಯಾಗಿತ್ತು. ಅವಳು ನನ್ನನ್ನು ಎಬ್ಬಿಸಿದಳು. ಬಚ್ಚಲಲ್ಲಿ ನೀರು ಹಾಕುತ್ತ ಅತ್ತಳು.

ತಾವು ಹೇಳಿದ ಆರಾಮ ಇದೇ ತಾನೇ?

ಅದಾದ ಕೆಲವು ದಿನಕ್ಕೆ ಅಂಕಮ್ಮನ ಫೋನು ಬಂತು. ವಾಕರ್ ಹಿಡಿದು ನಡೆಯುತ್ತಿದ್ದಾಳಂತೆ. ಯಾಕೆ ನೋಡಲು ಬರಲಿಲ್ಲ ಎಂದು ತರಾಟೆಗೆ ತೆಗೆದುಕೊಂಡಳು. ನನಗೆ ಭಯ, ಹಾಸಿಗೆಯಿಂದ ಏಳುವುದಕ್ಕೂ ಭಯ ಎಂದೆ.

“ನಂಗೂ ಆಯ್ತದೆ ಕಣವ್ವ. ಬಿದ್ದೋಳು ನಾನಲ್ವಾ. ನೀನಲ್ಲಿ ಒಬ್ಳೇ, ನಾನಿಲ್ಲಿ ಒಬ್ಳೇ ಹೆದ್ರುಕೊಂಡು ಕುಂತ್ರೆ ಏನ್ ಬಂತು? ಬಾ, ಇಬ್ರೂ ಒಂದ್ಕಡೆ ಕುಂತ್ಕೊಂಡು ಹೆದ್ರುಕೊಳ್ಳಾನ.”

ಮರುದಿನ ಸಮದ್ ಸಾಹೇಬರು ಆಟೋ ತಂದರು. ಮನೆಬಾಗಿಲಿನಿಂದ ಆಟೋದವರೆಗೆ ಒಂದೊಂದು ಹೆಜ್ಜೆಗೂ ಕಾಲಿನಿಂದ ನೆಲ ತಡವಿದೆ. ಅವರು ಅವಸರ ಮಾಡಲಿಲ್ಲ. ಅಂಕಮ್ಮನ ಜಗಲಿ ತಲುಪಿದಾಗ ಮೈಯೆಲ್ಲ ಬೆವರು. ಅವಳು ನನ್ನ ಮುಖ ಸವರಿ, ಇಷ್ಟು ಸೊರಗಿದ್ದೀಯಲ್ಲ ಎಂದಳು. ಇಬ್ಬರೂ ಕೈ ಹಿಡಿದು ಕೂತೆವು. ಹೆದರಿಕೆ ಹೋಗಲಿಲ್ಲ, ಸ್ವಾಮಿ. ಆದರೆ ಅದನ್ನು ಮಧ್ಯೆ ಇಟ್ಟುಕೊಂಡೇ ಮಾತು ಸಾಗಿತು. ಅಳಗುಳಿ ಮಣೆ ತೆಗೆದಳು. ಮೋಸ ಮಾಡಿಯೇ ಗೆದ್ದಳು.

ಎರಡು ಮಂಗಳವಾರ, ಬರಲಾದವರೆಲ್ಲ ಅಲ್ಲೇ ಸೇರಿದೆವು. ಆದರೆ ಅವಳ ಸೊಸೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಅಷ್ಟು ಜನ ಅವಳ ನಿದ್ದೆಯ ಮೇಲೆ ಎಷ್ಟು ದಿನ ಕೂರುವುದು? ಕೋಣೆಗೆ ಬರುತ್ತಿದ್ದವರಲ್ಲಿ ಅರ್ಧ ಜನ ಈಗಾಗಲೇ ಫೋನು ಎತ್ತುತ್ತಿಲ್ಲ. ಅವರು ಯಾವ ಹಜಾರದಲ್ಲಿ ಕುಸಿದು ಕೂತಿದ್ದಾರೋ ಎಂದು ನೆನೆದರೆ ನನಗೆ ಊಟ ಇಳಿಯುವುದಿಲ್ಲ.

ಆದ್ದರಿಂದ ನಾವು ನಿರ್ಧರಿಸಿದ್ದೇವೆ. ಚಪ್ಪಡಿ ಬರಲಿ, ಬೀಗ ಹೋಗಲಿ, ಕೋಣೆಯ ಕೀಲಿಕೈ ನಮ್ಮ ಕೈಗೇ ಬರಲಿ. ಅಲ್ಲಿಯವರೆಗೆ ಮುಂದಿನ ಮಂಗಳವಾರದಿಂದ ತಮ್ಮ ಕಚೇರಿಯ ವರಾಂಡದಲ್ಲೇ ಸೇರುತ್ತೇವೆ. ಪೇಪರು ಓದುತ್ತೇವೆ, ಗೋಡೆ ಹಿಡಿದು ನಡೆಯುತ್ತೇವೆ. ತಮಗೆ ತೊಂದರೆಯಾದರೆ ಮೃದುವಾಗಿ ಹೇಳಿ, ಮೃದುವಾಗಿಯೇ ಕೇಳಿಸಿಕೊಂಡು ಅಲ್ಲೇ ಕೂತಿರುತ್ತೇವೆ. ಅಂಕಮ್ಮ ವಾಕರ್ ಹಿಡಿದು ಬರುತ್ತಾಳೆ. ಅವಳ ಹಿಂದೆ, ಭುಜದ ಮೇಲೆ ಕೈಯಿಟ್ಟು, ನಾನು.

ತಮ್ಮ ಕಚೇರಿಯ ಗೇಟಿನ ಮುಂದೆಯೂ ಎರಡು ಚಪ್ಪಡಿ ಇಲ್ಲವೆಂದು ಆಟೋದವರು ಹೇಳಿದರು. ಸೋಮವಾರದೊಳಗೆ ಅವನ್ನಾದರೂ ಹಾಕಿಸಿ. ಹಾಕಿಸದಿದ್ದರೂ ಬರುತ್ತೇವೆ. ಅದೇ ನನ್ನ ಭಯ.

ಇಂತಿ,
ಮನೆಯೊಳಗೆ ಒಬ್ಬಳೇ ಹೆದರಿ ಸಾಕಾದ,
ಲತಾಮಣಿ
ನಿವೃತ್ತ ಬೆರಳಚ್ಚುಗಾರ್ತಿ