ಒಂದೆಲಗದ ಪಥ್ಯ

ಜೂನ್ 9, ಸೋಮವಾರ

ಈ ಪುಸ್ತಕ ಯಾರು ತೆಗೆದಿದ್ದೀರೋ, ಮುಚ್ಚಿಡಿ. ನಾಲ್ಕನೇ ಕ್ಲಾಸಿನ ಅಕ್ಷರ ನೋಡಿ ನಗುವವರು ಮೊದಲು ನಿಮ್ಮ ಮನೆ ಪಾತ್ರೆ ತೊಳೆಯಿರಿ.

ಗದ್ದೆ ಬದುವಿನ ಒಂದೆಲಗ ತಂದು, ಅರೆದು ಹಿಂಡಿ, ಯಜಮಾನರಿಗೆ ಕುಡಿಸಿದೆ. ಕೈನಡುಕ ಶುರುವಾಗಿ ಮೂರು ವರ್ಷ. ಮೆದುಳಿನ ಜೀವಕಣಗಳು ಸಾಯುತ್ತವಂತೆ... ಮೊಮ್ಮಗಳು ಮೇಘನಾ ಶಿವಮೊಗ್ಗದ ಲ್ಯಾಬಿನಲ್ಲಿ ಇದೇ ಸೊಪ್ಪು ಪರೀಕ್ಷೆ ಮಾಡುತ್ತಾಳೆ. ಅದರಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತೆ, ಕಣ ಕಾಯುತ್ತದಂತೆ. ಅಜ್ಜನಿಗೆ ಕೊಡಲೇನೇ ಎಂದು ಫೋನಿನಲ್ಲಿ ಕೇಳಿದೆ.

"ತಂಬುಳಿ ಮಾಡಿ ಕೊಡಜ್ಜಿ, ಒಳ್ಳೇದೇ."

ತಂಬುಳಿಗೆ ಯಾವ ರೋಗ ಹೆದರುತ್ತದೆ? ನಲವತ್ತೆಂಟು ದಿನ ರಸ, ಜೊತೆಗೆ ಪಥ್ಯ. ನಾಟಿ ಔಷಧಿ ಹಿಡಿದರೆ ಇಂಗ್ಲಿಷ್ ಮಾತ್ರೆ ಕೂಡದು. ನಮ್ಮವ್ವನ ಕಾಲದಿಂದ ಹಾಗೇ.

"ಮಾತ್ರೆ ಬಿಡಬೌದೇನೆ?" ಎಂದರು ಇವರು.

"ನಿಮ್ಮ ಮೊಮ್ಮಗಳೇ ಹೇಳ್ಯಾಳೆ, ಬಿಡಬೇಕಂತೆ."

ಅವಳು ಹೇಳಿರಲಿಲ್ಲ.

ಜೂನ್ 17

ಶಿರಾಳಕೊಪ್ಪದಲ್ಲಿ ಔಷಧಿ ಅಂಗಡಿಯ ಮುಬಾರಕ್ ಕರೆದ.

"ಅಮ್ಮ, ಯಜಮಾನ್ರ ಮಾತ್ರೆ ಒಯ್ಯಲಿಲ್ಲಲ್ರೀ?"

"ನಿನ್ನ ಅಂಗಡಿ ನಡೀಲಿ ಅಂತ ಅವರು ಕಾಯಿಲೆ ಬೀಳಬೇಕೇನಪ್ಪ?"

"ಒಮ್ಮೆಲೇ ಬಿಡಬ್ಯಾಡ್ರಿ. ಡಾಕ್ಟ್ರನ್ನ ಒಂದು ಮಾತು ಕೇಳ್ರಿ."

ಮುಖ ತಿರುಗಿಸಿ ಬಂದೆ.

ಜೂನ್ 20

ಇವರಿಗೆ ಅಂಗಿ ಗುಂಡಿ ಹಾಕಲು ಆಗಲಿಲ್ಲ. ಮದ್ದು ಹಿಡಿಯುವಾಗ ಹೀಗಾಗುತ್ತದೆ — ಎಂದುಕೊಂಡೆ.

ಜುಲೈ 1

ಬಚ್ಚಲ ಹೊಸ್ತಿಲಲ್ಲಿ ಕಾಲು ಏಳದೆ ನಿಂತುಬಿಟ್ಟರು. ಬಿದ್ದರು. ಶಿಕಾರಿಪುರದ ಆಸ್ಪತ್ರೆಗೆ ಸೇರಿಸಿದೆವು. ಮೇಘನಾ ಬಂದವಳು ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದಳು.

"ಮಾತ್ರೆ ಬಿಡ್ಸು ಅಂತ ನಾನು ಹೇಳಿದ್ನಾ ಅಜ್ಜಿ?"

"ಎರಡು ಮದ್ದು ಒಂದೇ ಹೊಟ್ಟೆಗೆ ಹಾಕ್ತಾರೇನೆ? ಅಷ್ಟೂ ಗೊತ್ತಿಲ್ದೆ ಏನು ಓದ್ತೀಯ?"

"ನಾನು ನೋಡೋದು ಗಾಜಿನ ತಟ್ಟೇಲಿರೋ ಕಣ. ಅಜ್ಜನ್ನಲ್ಲ."

ಅತ್ತಳು. ಸಮಾಧಾನ ಮಾಡಲಿಲ್ಲ. ಅಂದೇ ಬಸ್ಸು ಹತ್ತಿದಳು.

ಜುಲೈ 12

ಆಸ್ಪತ್ರೆಯಲ್ಲಿ ಒಂಬತ್ತು ದಿನ ನರ್ಸ್ ಮಾತ್ರೆ ನುಂಗಿಸಿದಳು. ಮನೆಯಲ್ಲಿ ನಾನು ಕೊಟ್ಟರೆ ಉಗುಳುತ್ತಾರೆ.

"ಮೇಘನಾ ಬ್ಯಾಡ ಅಂದಾಳೆ. ನಿನಗಿಂತ ಓದಿದೋಳು."

ಐವತ್ತೆರಡು ವರ್ಷ ಅನ್ನ ಹಾಕಿದ ಕೈಗೆ ಈ ಮರ್ಯಾದೆ. ಸುಳ್ಳು ನನ್ನದು ಎನ್ನಲು ಬಾಯಿ ಬರುವುದಿಲ್ಲ. ಊರನ್ನೆಲ್ಲ ಬೈಯಲು ಬರುತ್ತದೆ. ಮೇಘನಾ ಫೋನು ಎತ್ತುತ್ತಿಲ್ಲ.

ಜುಲೈ 15

ಮೇಘನಾ, ಈ ಹಾಳೆ ಹರಿದು ಅಂಚೆಗೆ ಹಾಕುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಅಜ್ಜನ ಕಾಲಿನ ಮೇಲೆ ತೀರಿಸಬೇಡ. ಮಾತ್ರೆ ನುಂಗಲೇಬೇಕು ಎಂದು ಕಾಗದ ಬರೆ. ಬಿಡಿಸಿದ್ದು ನೀನಲ್ಲ, ಸುಳ್ಳು ಹೇಳಿದ ಈ ಅಜ್ಜಿ — ಎಂದೂ ಬರೆ. ಅವರಿಗೆ ಕಣ್ಣು ಮಂಜು, ಓದಿ ಹೇಳುವವಳು ನಾನೇ. ಆ ಸಾಲು ದಪ್ಪಗೆ ಬರೆ, ನಾನು ಬಿಟ್ಟು ಓದದ ಹಾಗೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ, ತಡ ಮಾಡಿದರೆ ಅಜ್ಜ ಮತ್ತೆ ಬಿದ್ದಾರು.