ಮೊದಲ ಪಾಸ್ ದೊಡ್ಡವರಿಗೆ

ಜನವರಿ 8, ಬುಧವಾರ. ಗಂಗಾವತಿ

ಪ್ರಾಕ್ಟೀಸ್ ಮುಗಿಸಿ ಬಂದು ಮೊಬೈಲಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಮೂರು ಗೋಲು. ನಲವತ್ತು ದಾಟಿದವನಿಗೆ ಮೂರು! ಹುಡುಗರು ಏದುಸಿರು ಬಿಡುತ್ತಿದ್ದರು, ನಾನು ಶೇಂಗಾ-ಬೆಲ್ಲ ತಿನ್ನುತ್ತಾ ನಿಂತಿದ್ದೆ.

ಇಪ್ಪತ್ತಾರಕ್ಕೆ ಕಪ್. ಪ್ರತಿ ವರ್ಷ ನಮಗೂ ಕೊಪ್ಪಳದವರಿಗೂ ಮ್ಯಾಚ್. ಹಿಂದಿನ ಎರಡು ಸಲವೂ ಅವರೇ ಒಯ್ದರು. ಈ ಸಲ ಬಿಡುವುದಿಲ್ಲ. ಕೋಚ್ ನಾನೇ, ಕ್ಯಾಪ್ಟನ್ ನಾನೇ, ಸೆಂಟರ್ ಫಾರ್ವರ್ಡ್ ನಾನೇ. ಗುಲ್ಶನ್ ಅನ್ನುತ್ತಾಳೆ, "ರೆಫ್ರೀನೂ ನೀವ ಆಗಿಬಿಡ್ರಿ, ಮ್ಯಾಚ್ ಲಗೂನ ಮುಗೀತೈತಿ." ಹೆಂಡತಿಗೆ ಫುಟ್‌ಬಾಲ್ ಏನು ಗೊತ್ತು.

ಜನವರಿ 11, ಶನಿವಾರ. ಹನುಮನಹಳ್ಳಿ, ನನ್ನ ಪಂಕ್ಚರ್ ಅಂಗಡಿ

ಬಾಡಿಗೆ ಸ್ಕೂಟರ್ ಪಂಕ್ಚರ್ ಎಂದು ಒಬ್ಬ ಬಿಳಿಯ ತಳ್ಳಿಕೊಂಡು ಬಂದ. ಅರವತ್ತರ ಆಸುಪಾಸು. ಹೆಸರು ಎನೆಕೋ, ಸ್ಪೇನ್ ದೇಶದವನು. ಮೂಲೆಯಲ್ಲಿ ನನ್ನ ಬಾಲ್ ಕಂಡಿತು ನೋಡು — ಕಾಲ ತುದಿಯಿಂದ ಎತ್ತಿ, ತೊಡೆಯ ಮೇಲೆ ಕೂರಿಸಿ, ತಲೆಗೆ ಹಾಕಿ, ಮತ್ತೆ ಕಾಲಿಗೆ! ಮೊಣಕಾಲು ಅಂಜನಾದ್ರಿಯ ಮೆಟ್ಟಿಲಿಗೆ ಕೈ ಕೊಟ್ಟಿತಂತೆ. ಬಾಲಿಗೆ ಇನ್ನೂ ಕೊಟ್ಟಿಲ್ಲ.

ಬಹಳ ವರ್ಷ ಲೆಫ್ಟ್ ಬ್ಯಾಕ್ ಆಡಿದ್ದಾನೆ, ಅಲ್ಲಿಯ ಎರಡನೆ ದರ್ಜೆಯ ಲೀಗಿನಲ್ಲಿ. ಆಮೇಲೆ ಮ್ಯಾನೇಜರ್, ನಾಲ್ಕು ಕ್ಲಬ್ಬಿಗೆ. ಮೂರು ಕಡೆ ತೆಗೆದುಹಾಕಿದರಂತೆ. ನಗುತ್ತಾ ಹೇಳಿದ. ಪಂಕ್ಚರ್ ಪುಕ್ಕಟೆ ಹಾಕಿಕೊಟ್ಟೆ. ನಾಳೆ ಪ್ರಾಕ್ಟೀಸಿಗೆ ಬರುತ್ತಾನೆ. ನೋಡಲಿ, ಗಂಗಾವತಿಯಲ್ಲೂ ಒಬ್ಬ ಇದ್ದಾನೆ ಅಂತ.

ಜನವರಿ 12, ಭಾನುವಾರ

ಎರಡು ಗೋಲು ಹೊಡೆದೆ. ಎನೆಕೋ ಗೆರೆಯ ಪಕ್ಕ ಕಲ್ಲಿನ ಮೇಲೆ ಕೂತು ನೋಡಿದ. ಚಪ್ಪಾಳೆ ಇಲ್ಲ.

ಮಧ್ಯಾಹ್ನ ಮನೆಗೆ ಊಟಕ್ಕೆ ಕರೆತಂದೆ. ಗೋಲ್‌ಕೀಪರ್ ರಫೀ, ಇರಕಲ್ಲಗಡದ ಕಲ್ಲೇಶ ಇಬ್ಬರೂ ಬಂದರು. ಕಲ್ಲೇಶ ನನ್ನ ಜೊತೆಗಿನ ಫಾರ್ವರ್ಡ್, ಹುಡುಗ ಜಿಂಕೆ ಓಡಿದಂತೆ ಓಡುತ್ತಾನೆ. ಗುಲ್ಶನ್ ಬಿರಿಯಾನಿ ಬಡಿಸಿದಳು. ಎನೆಕೋ ತಿನ್ನತೊಡಗಿದ. ಹುಡುಗರ ಕೈ ಮಾತ್ರ ಮಡಿಲಲ್ಲೇ — ನಾನು ಮೊದಲ ತುತ್ತು ಬಾಯಿಗಿಡಬೇಕಲ್ಲ. ಇಟ್ಟೆ. ಆಮೇಲೆ ಮುಟ್ಟಿದರು.

ಎನೆಕೋ ಗಹಗಹಿಸಿ ನಕ್ಕ. ಇದೇ, ಮೈದಾನದಲ್ಲೂ ಇದೇ ನಡೆಯುತ್ತಿದೆ ಎಂದ. ಅವನ ಹರಕು ಇಂಗ್ಲಿಷ್, ನನ್ನ ಹರಕು ಇಂಗ್ಲಿಷ್. ಆದರೂ ಸ್ಪಷ್ಟವಾಗಿಯೇ ತಿಳಿಯಿತು. ಕಲ್ಲೇಶ ಗೋಲಿನ ಮುಂದೆ ಖಾಲಿ ನಿಂತಿದ್ದ, ಒಂದು ಸಲ ಅಲ್ಲ, ಹಲವು ಸಲ. ನನ್ನ ಮೇಲೆ ಇಬ್ಬರು ಬಿದ್ದಿದ್ದರೂ ಬಾಲ್ ನನಗೇ ಬಂತು. ನಾನು ಹೊಡೆಯಲು ಹೋದರೆ ಎದುರಿನವನು ದಾರಿ ಬಿಟ್ಟ. ಕೊಪ್ಪಳದವರು ನಿನ್ನ ತಮ್ಮಂದಿರೇನು, ಎಂದು ಕೇಳಿದ.

ಹುಡುಗರು ತಲೆ ತಗ್ಗಿಸಿ ಎಲುಬು ಚೀಪುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಅತಿಥಿ ಅಂತ ಅವನ ತಟ್ಟೆಗೆ ಇನ್ನಷ್ಟು ಬಿರಿಯಾನಿ ಬಡಿಸಿದೆ.

ಜನವರಿ 13, ಸೋಮವಾರ

ಅವನಿಗೆ ಹೊಟ್ಟೆಕಿಚ್ಚು. ಮೊಣಕಾಲು ಹೋದವನು.

ಆದರೆ... ಹಿಂದಿನ ಎರಡು ಮ್ಯಾಚಿನಲ್ಲೂ ಕೊಪ್ಪಳದ ಮೇಲೆ ನನ್ನದು ಒಂದೂ ಗೋಲಿಲ್ಲ. ಮೈದಾನ ಸರಿ ಇರಲಿಲ್ಲ ಎಂದು ಗುಲ್ಶನ್‌ಗೆ ಹೇಳಿದೆ. "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದಳು. ಸಿಟ್ಟಿಗೆ ಕೇರಂ ಬೋರ್ಡ್ ತೆಗೆದೆ. ಕೇರಮ್ಮಿನಲ್ಲಿ ಅವಳು ನನ್ನನ್ನು ಯಾವತ್ತೂ ಗೆದ್ದಿಲ್ಲ.

"ಖರೇನ ಆಡ್ಲೇನ್ರಿ ಇವತ್ತು?" ಎಂದಳು.

ಆಡಿದಳು. ನನ್ನ ಕೈಗೆ ಸ್ಟ್ರೈಕರ್ ಬಂದಿದ್ದೇ ಅಪರೂಪ.

ಜನವರಿ 16, ಗುರುವಾರ

ರಫೀಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಸುಳ್ಳು ಹೇಳಿದರೆ ಟೀಮಿನಿಂದ ಹೊರಗೆ ಅಂದೆ. ಅಳುವ ಮುಖ ಮಾಡಿದ.

"ಭೈ, ನೀವ ನಮಗ ಬಾಲ್ ಮುಟ್ಟಾಕ ಕಲಿಸಿದವ್ರು. ದೊಡ್ಡವ್ರಿಗೆ ಕೊಡದ ಸಣ್ಣವ್ರು ತಿನ್ನೂದು ಹ್ಯಾಂಗ್ರಿ?"

"ಮತ್ತ ನೀ ಗೋಲ್ ಬಿಡ್ತಿದ್ದೇನು?"

"ಎಲ್ಲಾ ಬಿಡ್ತಿರಲಿಲ್ಲ ಭೈ. ಒಂದೀಟ ತಡಾ ಮಾಡಿ ಜಿಗೀತಿದ್ದೆ."

ಬೈಯಲು ಬಾಯಿ ತೆರೆದೆ. ಬೈಯದೆ ಬಾಲನ್ನು ಅವನ ಕೈಗಿಟ್ಟು ಮನೆಗೆ ಬಂದೆ.

ಜನವರಿ 24, ಶುಕ್ರವಾರ. ಗಂಗಾವತಿ

ಒಂದು ವಾರ ಏನೂ ಬರೆಯಲಿಲ್ಲ. ಪ್ರಾಕ್ಟೀಸಿಗೂ ಹೋಗಲಿಲ್ಲ, ಜ್ವರ ಅಂದೆ. ಯಾವ ಜ್ವರವೂ ಇರಲಿಲ್ಲ.

ಇವತ್ತು ಎನೆಕೋ ಬಾಡಿಗೆ ಸ್ಕೂಟರ್ ವಾಪಸ್ ಕೊಡಲು ಹೊರಟವನು ಅಂಗಡಿಗೆ ಬಂದ. ಊರಿಗೆ ಹೊರಟಿದ್ದಾನೆ. ಚಹಾ ತರಿಸಿದೆ. ನಾಲ್ಕನೆ ಕ್ಲಬ್ಬಿನ ಕಥೆ ಕೇಳಿದೆ. ಅವನ ಮೊದಲ ಕ್ಲಬ್ಬಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಸಣ್ಣ ಊರಿನದಂತೆ. ಅಲ್ಲಿ ಮ್ಯಾನೇಜರನೂ ಅವನೇ, ಲೆಫ್ಟ್ ಬ್ಯಾಕೂ ಅವನೇ. ಕಾಲು ಸೋತಿದ್ದು ಮ್ಯಾನೇಜರನಿಗೆ ಗೊತ್ತಿತ್ತು, ಆಟಗಾರನಿಗೆ ಹೇಳಲು ಹೆದರಿದ. ಕ್ಲಬ್ ಕೆಳಗಿನ ದರ್ಜೆಗೆ ಜಾರಿತು. ಉಳಿದ ಮೂರು ಕಡೆ ಅವರು ತೆಗೆದರು, ಇಲ್ಲಿ ನಾನೇ ಬಿಟ್ಟೆ ಎಂದ. ಈ ಸಲ ನಗಲಿಲ್ಲ.

ಸಂಜೆ ಮೈದಾನಕ್ಕೆ ಹೋಗಿ ಹನ್ನೊಂದು ಹೆಸರು ಹೇಳಿದೆ. ನನ್ನ ಹೆಸರು ಹೇಳಲಿಲ್ಲ. ಮುಂದೆ ಕಲ್ಲೇಶ ಒಬ್ಬನೇ. ಹುಡುಗ ಗಾಬರಿಯಾದ.

"ಜಾವೇದಣ್ಣ, ಮತ್ತ ನೀವು?"

"ನಾ ಕೋಚ್ ಅದೀನಿ. ಕುಂದ್ರತೀನಿ."

ಎಷ್ಟು ಗತ್ತಿನಿಂದ ಹೇಳಿದೆ! ಮನೆಗೆ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತೆ. ಅಳು ಬಂತು, ಅತ್ತೆ, ಅಷ್ಟೇ. ನಿರ್ಧಾರ ಸರಿಯಾಗಿಯೇ ಇದೆ.

ಜನವರಿ 26, ಭಾನುವಾರ. ಇಂಟರ್ವಲ್

ಒಂದು-ಸೊನ್ನೆ. ಕೊಪ್ಪಳದವರು ಮುಂದೆ. ಕಲ್ಲೇಶ ಖಾಲಿ ಗೋಲಿನ ಮುಂದೆ ಬಾಲನ್ನು ಆಕಾಶಕ್ಕೆ ಒದ್ದ. ಜನ ಬೊಬ್ಬೆ ಹಾಕುತ್ತಿದ್ದಾರೆ — ಜಾವೇದ, ಜಾವೇದ. ಸುಳ್ಳೇಕೆ ಹೇಳಲಿ, ಕೇಳಲು ಹಿತವಾಗಿದೆ. ಸಬ್‌ಸ್ಟಿಟ್ಯೂಟ್ ನಾನು, ಇಳಿಯಬಹುದು. ಬೂಟು ಹಾಕಿಕೊಂಡೇ ಕೂತಿದ್ದೇನೆ.

ರಫೀ ಓಡಿ ಬಂದ. "ಭೈ, ಇಳೀರಿ ನೀವು. ಮಂದಿ ಕರಿಯಾಕ ಹತ್ಯಾರ."

ಕಲ್ಲೇಶನೂ ಜರ್ಸಿ ಬಿಚ್ಚಿ ನನ್ನ ಮುಂದೆ ಹಿಡಿದ. ಮುಖ ನೋಡಲಾಗಲಿಲ್ಲ. "ತಗೋರಿ ಅಣ್ಣ. ನನ್ನ ಕೈಲೆ ಆಗೂದಿಲ್ಲ."

ಕೈ ಮುಂದೆ ಹೋಯಿತು. ಜರ್ಸಿ ಮುಟ್ಟಿತು ಕೂಡ. ಕಿತ್ತು ಅವನ ತಲೆಗೇ ತೊಡಿಸಿದೆ.

"ಮತ್ತೊಂದು ಮಿಸ್ ಮಾಡು. ಹತ್ತು ಮಿಸ್ ಮಾಡು. ಹನ್ನೊಂದನೇದಕ್ಕೂ ನೀನ ಹೊಡಿ."

ಬೂಟು ಬಿಚ್ಚಿ ಗುಲ್ಶನ್ ಕೂತಲ್ಲಿಗೆ ಎಸೆದೆ. ಎತ್ತಿ ಸೆರಗಿನಲ್ಲಿ ಇಟ್ಟುಕೊಂಡಳು. ಈಗ ಬರಿಗಾಲು, ನೆಲ ಕಾದಿದೆ, ಇಳಿಯೋಣವೆಂದರೂ ಆಗದು. ಸೀಟಿ ಊದಿದರು. ರಫೀ ದೂರ ಒದ್ದ... ಕಲ್ಲೇಶನಿಗೆ ಸಿಕ್ಕಿತು. ಎಡಕ್ಕೆ ತಿರುಗಿದ, ಒಬ್ಬನನ್ನು ದಾಟಿದ, ಎದುರಿಗೆ ಕೀಪರ್ ಒಬ್ಬನೇ, ಹೊಡಿಯೋ ಮಗನೆ, ಹೊಡಿ —