ಗುರುತು ಕೆರೆದ ಮರಗಳು

ಅತ್ತಿಗೆಗೆ ನಮಸ್ಕಾರ. ಚಳಿಗೆ ಬೆರಳು ಸೆಟೆದುಕೊಂಡು ಅಕ್ಷರ ಸೊಟ್ಟಗಾಗಿವೆ, ತಪ್ಪುಗಳೂ ಇರಬಹುದು, ಬೇಸರ ಮಾಡಿಕೊಳ್ಳಬೇಡಿ. ಅಣ್ಣ ಇನ್ನೂ ಸಿಕ್ಕಿಲ್ಲ.

ಉತ್ತರದ ಹಿಮದ ಸೀಮೆಯಾದರೂ ಇಲ್ಲಿಯವು ದೊಡ್ಡ ಬೆಟ್ಟಗಳಲ್ಲ. ನೆತ್ತಿಯಲ್ಲಿ ನಿಂತರೆ ಬಸ್ ನಿಲ್ದಾಣ ಕಾಣುತ್ತದೆ. ಆದರೆ ಕಾಲುದಾರಿಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಚಾರಣಕ್ಕೆ ಬರುವವರು ಮರಗಳ ಮೇಲಿನ ಹಳದಿ ಗುರುತು ನೋಡಿಕೊಂಡೇ ನಡೆಯುತ್ತಾರೆ. ಆ ಗುರುತು ಹಾಕುವುದೇ ಅಣ್ಣನ ಕೆಲಸವಾಗಿತ್ತು. ಕಾಣೆಯಾದ ದಿನ ದಾರಿ ಬದಲಿಸಲೆಂದು ಹಳೆಯ ಗುರುತುಗಳನ್ನೆಲ್ಲ ಕೆರೆದಿದ್ದಾನೆ. ಹೊಸದು ಬಳಿಯುವ ಮೊದಲೇ ಮಂಜು ಕವಿದು ಹಿಮ ಬಿದ್ದಿದೆ.

"ಮೊದ್ಲು ಹೊಸದು ಬಳಿ, ಆಮೇಲೆ ಹಳೇದು ಕೆರಿ ಅಂತ ಎಷ್ಟು ಬಡ್ಕೊಂಡೆ! ಈ ಗುಡ್ಡ ನನ್ನ ಅಂಗೈ ಇದ್ದ ಹಾಗೆ ಅಂತ ನಗ್ತಿದ್ದ" ಎಂದು ಅವನ ಮೇಸ್ತ್ರಿ ಅತ್ತುಬಿಟ್ಟರು.

ಆ ಮರಗಳನ್ನು ನಾನೂ ನೋಡಿದೆ. ಯಾವ ಕಡೆ ತಿರುಗಿದರೂ ಎಲ್ಲ ಒಂದೇ ಥರ. ಹುಡುಕುವವರು ನಿನ್ನೆ ಕೈಬಿಟ್ಟರು. ಹಿಮ ಕರಗಿದ ಮೇಲೆ ನೋಡೋಣ ಎಂದರು. ಆಗ ಸಿಗುವುದೇನೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ನಾನು ಪರವಾಗಿಲ್ಲ, ಚಳಿಗೆ ಹಿಮ್ಮಡಿ ಮಾತ್ರ ಒಡೆದಿದೆ. ಅಮ್ಮನಿಗೆ ಇನ್ನೂ ಹುಡುಕುತ್ತಿದ್ದಾರೆ ಎಂದೇ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಅಣ್ಣನ ಕೋಣೆಯಲ್ಲೇ ಇದ್ದೇನೆ. ಅವನ ಹಾಸಿಗೆಯನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಸುತ್ತಿಟ್ಟೆ.